ಸೇನೆಯೊಳಗಿನ ಸಂಚು, ತನಿಖಾಧಿಕಾರಿಯ ಕೈಗೆ ಕಟ್ಟಿದ ಹಗ್ಗ: ಥ್ರಿಲ್ಲರ್ ಬರೆಯುತ್ತಿರುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಮೊದಲ ಸಲ ಒಂದು ಕ್ರೈಂ ಥ್ರಿಲ್ಲರ್ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಅಮೆರಿಕದ ಒಂದು ಸೇನಾ ನೆಲೆಯಲ್ಲಿ. ನಾಯಕಿ ಅಲ್ಲಿನ ಸೇನೆಯ ಸಿಐಡಿಯಲ್ಲಿ, ಅಂದರೆ ಸೇನೆಯ ಅಪರಾಧ ತನಿಖಾ ಸಂಸ್ಥೆಯಲ್ಲಿ, ಕ್ಯಾಪ್ಟನ್. ಒಬ್ಬ ಯುವ ಸೈನಿಕ ಸಾಯುತ್ತಾನೆ, ಎಲ್ಲರೂ ಆತ್ಮಹತ್ಯೆ ಅಂದುಕೊಳ್ಳುತ್ತಾರೆ. ಇವಳು ಕೆದಕುತ್ತಾ ಹೋದ ಹಾಗೆ ಒಂದು ಉಗ್ರವಾದಿ ಗುಂಪು ಹೊರಬೀಳುತ್ತದೆ. ಹಾಲಿ ಸೈನಿಕರು, ಮಾಜಿ ಸೈನಿಕರು, ಹೊರಗಿನ ಕೆಲವರು ಸೇರಿ ದೊಡ್ಡ ದಾಳಿಗೆ ಸಂಚು ಮಾಡಿರುತ್ತಾರೆ. ನೆಲೆಯ ಕಮಾಂಡರ್ ಕೇಸ್ ಮುಚ್ಚಿಹಾಕಲು ನೋಡುತ್ತಾನೆ. ಕೊನೆಗೆ ನಾಯಕಿ ತನ್ನ ತಂಡದೊಂದಿಗೆ ನೆಲೆಯಿಂದ ಮೂವತ್ತು ಮೈಲಿ ದೂರದ ತೋಟದ ಮನೆಗೆ ನುಗ್ಗಿ ಎಲ್ಲರನ್ನೂ ಹಿಡಿಯುತ್ತಾಳೆ. ಹಸ್ತಪ್ರತಿ ಓದಿದ ಗೆಳೆಯರೊಬ್ಬರು, "ಕಥೆ ಓಡುತ್ತೆ, ಆದರೆ ಇದರಲ್ಲಿ ಒಂದೂ ನಿಜವಾಗಿ ನಡೆಯಲ್ಲ. ಸೇನೆಯ ತನಿಖಾಧಿಕಾರಿಗೆ ಅಷ್ಟು ಅಧಿಕಾರವೇ ಇಲ್ಲ" ಎಂದುಬಿಟ್ಟರು. ಅಂದಿನಿಂದ ಒಂದು ಸಾಲೂ ಮುಂದೆ ಹೋಗಿಲ್ಲ. ನಾನು ಬರೆದದ್ದರಲ್ಲಿ ಎಷ್ಟು ನಿಜ, ಎಷ್ಟು ಸಿನಿಮಾ? ಇಡೀ ಕಥೆಯನ್ನೇ ಬದಲಿಸಬೇಕೇ?

ಉತ್ತರ: ಬದಲಿಸಬೇಡಿ. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ನಿಮ್ಮ ಭಯದಲ್ಲಿ ಎರಡು ಭಾಗ ಇದೆ. ಇಂಥ ಸಂಚು ಸೇನೆಯೊಳಗೆ ನಡೆಯುವುದೇ ಸುಳ್ಳಾಗಿದ್ದರೆ? ನಡೆದರೂ, ನಿಮ್ಮ ನಾಯಕಿ ಅದನ್ನು ಹಿಡಿಯುವ ದಾರಿ ಸುಳ್ಳಾಗಿದ್ದರೆ? ಮೊದಲನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎರಡನೆಯದರಲ್ಲಿ ಕೆಲಸ ಇದೆ. ಸೇನಾ ನ್ಯಾಯಾಲಯಗಳ ದಾಖಲೆ ಓದುವುದು, ಅಪರಾಧ ಕಾದಂಬರಿಗಳ ಹಸ್ತಪ್ರತಿ ತಿದ್ದುವುದು ಎರಡೂ ನನ್ನ ವೃತ್ತಿ. ಈ ಬಗೆಯ ಹಸ್ತಪ್ರತಿಗಳಲ್ಲಿ ಸಂಚು ಸಾಮಾನ್ಯವಾಗಿ ನಂಬುವಂತೆಯೇ ಇರುತ್ತದೆ. ಎಡವುವುದು ಅದನ್ನು ಹಿಡಿಯುವ ದಾರಿಯಲ್ಲಿ.

ಜಾರ್ಜಿಯಾ ರಾಜ್ಯದ ಫೋರ್ಟ್ ಸ್ಟೂವರ್ಟ್ ನೆಲೆಯಲ್ಲಿ 2011ರಲ್ಲಿ ನಡೆದದ್ದನ್ನು ಕೇಳಿ. ಜುಲೈನಲ್ಲಿ ಒಬ್ಬ ಸೈನಿಕನ ಹೆಂಡತಿ ತೀರಿಕೊಂಡಳು. ಅವಳೂ ಸೇನೆಯಲ್ಲಿ ಸಾರ್ಜೆಂಟ್, ತುಂಬು ಬಸುರಿಯಲ್ಲದಿದ್ದರೂ ಬಸುರಿ. ಯಾಕೆ ಸತ್ತಳು ಅನ್ನುವುದು ಮರಣೋತ್ತರ ಪರೀಕ್ಷೆಯಲ್ಲಿ ಮೊದಲಿಗೆ ಖಚಿತವಾಗಲಿಲ್ಲ. ಗಂಡನ ಕೈಗೆ ವಿಮೆ ಮತ್ತು ಪರಿಹಾರದ ಹಣ ಸುಮಾರು 5 ಲಕ್ಷ ಡಾಲರ್ ಬಂತು. ಡಿಸೆಂಬರಿನಲ್ಲಿ ನೆಲೆಯ ಹತ್ತಿರದ ಕಾಡಿನಲ್ಲಿ ಮೀನು ಹಿಡಿಯಲು ಹೋದವರಿಗೆ ಎರಡು ಹೆಣ ಕಂಡವು. ಒಬ್ಬ ಆಗ ತಾನೇ ಸೇನೆ ಬಿಟ್ಟ ಹುಡುಗ. ಇನ್ನೊಬ್ಬಳು ಅವನ 17 ವರ್ಷದ ಗೆಳತಿ. ಈ ಕೊಲೆಗೆ ನಾಲ್ವರು ಹಾಲಿ ಸೈನಿಕರನ್ನು ಹಿಡಿದರು.

ಅಲ್ಲಿಯವರೆಗೆ ಹೊರಗಿನವರ ಪಾಲಿಗೆ ಇದು ಗೆಳೆಯರ ನಡುವಿನ ಕೊಲೆ, ಅಷ್ಟೇ. 2012ರ ಆಗಸ್ಟ್‌ನಲ್ಲಿ ಅವರಲ್ಲೊಬ್ಬ ತಪ್ಪೊಪ್ಪಿಕೊಂಡು ನ್ಯಾಯಾಲಯದಲ್ಲಿ ಬಾಯಿ ಬಿಟ್ಟ. ನೆಲೆಯೊಳಗೆ 'ಫಿಯರ್' ಅನ್ನುವ ಹೆಸರಿನ ಒಂದು ಸಶಸ್ತ್ರ ಗುಂಪು ಇತ್ತು. 87,000 ಡಾಲರ್ ಖರ್ಚು ಮಾಡಿ ಬಂದೂಕು, ಬಾಂಬಿನ ಸಾಮಾನು ಕೊಂಡಿತ್ತು. ಸವಾನಾ ನಗರದ ಉದ್ಯಾನದ ಕಾರಂಜಿಗೆ ಬಾಂಬ್ ಇಡುವುದು, ವಾಷಿಂಗ್ಟನ್ ರಾಜ್ಯದ ಸೇಬಿನ ಬೆಳೆಗೆ ವಿಷ ಹಾಕುವುದು, ಅಧ್ಯಕ್ಷರನ್ನು ಕೊಲ್ಲುವುದು, ಹೀಗೆ ಯೋಜನೆಗಳ ಪಟ್ಟಿಯೇ ಇತ್ತು. ನಾಯಕ ಯಾರು ಗೊತ್ತಾ? ಹೆಂಡತಿ ಸತ್ತಳಲ್ಲ, ಅದೇ ಗಂಡ. ಬಂದೂಕಿನ ದುಡ್ಡು ಅವಳ ಸಾವಿನ ದುಡ್ಡು. ಕಾಡಿನಲ್ಲಿ ಸತ್ತ ಹುಡುಗ ಗುಂಪಿನ ಗುಟ್ಟು ಬಲ್ಲವನು, ಸೇನೆ ಬಿಟ್ಟು ಹೊರಟಿದ್ದವನು.

ಆ ನಾಯಕ ಕರ್ನಲ್ ಅಲ್ಲ, ಮೇಜರ್ ಅಲ್ಲ. ಬರೀ ಪ್ರೈವೇಟ್, ಅಂದರೆ ಸೇನೆಯ ಏಣಿಯಲ್ಲಿ ಕಟ್ಟಕಡೆಯ ಮೆಟ್ಟಿಲಿನವನು. ಥ್ರಿಲ್ಲರ್‌ಗಳಲ್ಲಿ ಸಂಚಿನ ತಲೆ ಯಾವಾಗಲೂ ಜನರಲ್ ಒಬ್ಬರ ಕೋಣೆಯಲ್ಲಿ ಇರುತ್ತದೆ. ನಿಜದಲ್ಲಿ ಅದು ಬ್ಯಾರಕ್‌ನ ಮೂಲೆಯ ಕೋಣೆಯಲ್ಲಿ ಇರುವುದೇ ಜಾಸ್ತಿ. ನಿಮ್ಮ ಹಸ್ತಪ್ರತಿಯಲ್ಲಿ ಸಾವು ಮೊದಲು, ಸಂಚು ಆಮೇಲೆ ಬರುತ್ತದೆ ಅಲ್ವಾ? ಆ ಜಾಡು ಸರಿಯಾಗಿದೆ, ಅದನ್ನು ಮುಟ್ಟಬೇಡಿ. 'ಸಂಚು ಹುಡುಕೋಣ' ಅಂತ ಹೊರಟವರಿಗೆ ಸಂಚು ಸಿಗುವುದು ಕಡಿಮೆ. ವಿಮೆ ಹಣ, ಶಸ್ತ್ರಾಗಾರದ ಲೆಕ್ಕದಲ್ಲಿ ಕಾಣೆಯಾದ ಮದ್ದುಗುಂಡು, ಮಾದಕ ಮಾತ್ರೆ, ಎಲ್ಲೋ ಬಚ್ಚಿಟ್ಟ ಪಿಸ್ತೂಲು, ಇಂಥ ಸಣ್ಣ ಅಪರಾಧದ ಬಾಲ ಹಿಡಿದು ಹೋದವರಿಗೇ ಅದು ಸಿಗುತ್ತದೆ.

ಇನ್ನೊಂದು ವಿಷಯ ನಿಮಗೆ ಇಲ್ಲಿ ಬಂಗಾರ. ಕಾಡಿನ ಜೋಡಿ ಕೊಲೆಯ ವಿಚಾರಣೆ ನಡೆದದ್ದು ಜಾರ್ಜಿಯಾ ರಾಜ್ಯದ ನ್ಯಾಯಾಲಯದಲ್ಲಿ. ಹೆಂಡತಿಯ ಕೊಲೆಗೆ ಅದೇ ಮನುಷ್ಯನಿಗೆ 2014ರಲ್ಲಿ ಕೋರ್ಟ್ ಮಾರ್ಷಲ್, ಅಂದರೆ ಸೇನಾ ನ್ಯಾಯಾಲಯದ ವಿಚಾರಣೆ ಆಯಿತು. ಒಬ್ಬನೇ ಆರೋಪಿ, ಒಂದೇ ಕಥೆ, ಎರಡು ನ್ಯಾಯಾಲಯ. ನೆಲೆಯ ಬೇಲಿಯ ಆಚೆ ಯಾರ ಕೇಸ್, ಈಚೆ ಯಾರ ಕೇಸ್ ಅನ್ನುವ ಎಳೆದಾಟ ಇಂಥ ಪ್ರತಿ ಪ್ರಕರಣದಲ್ಲೂ ಇರುತ್ತದೆ. ನಿಮ್ಮ ಹಸ್ತಪ್ರತಿಯ ವಿವರಣೆಯಲ್ಲಿ ಅದು ಕಾಣಲಿಲ್ಲ.

ಈಗ ನಾಯಕಿಯ ಕಡೆ ಬರೋಣ. ಅವಳು ಕ್ಯಾಪ್ಟನ್ ಅಂದಿರಿ. ಸಿಐಡಿಯಲ್ಲಿ ಕ್ಯಾಪ್ಟನ್‌ಗಳು ಇಲ್ಲ ಅಂತಲ್ಲ, ಇದ್ದಾರೆ. ಆದರೆ ಅವರು ಹೆಚ್ಚಾಗಿ ಕಚೇರಿ ನಡೆಸುವವರು. ಬೀದಿಗಿಳಿದು ತನಿಖೆ ಮಾಡುವವರು ಸಾರ್ಜೆಂಟ್‌ಗಿಂತ ಮೇಲೆ, ಕ್ಯಾಪ್ಟನ್‌ಗಿಂತ ಕೆಳಗೆ ಇರುವ ವಾರಂಟ್ ಆಫೀಸರ್‌ಗಳು, ಸಾರ್ಜೆಂಟ್ ದರ್ಜೆಯವರು ಮತ್ತು ಸಮವಸ್ತ್ರವೇ ಇಲ್ಲದ ಸಿವಿಲಿಯನ್ ಏಜೆಂಟ್‌ಗಳು. ಕೆಲಸದಲ್ಲಿ ಎಲ್ಲರೂ ಸಾದಾ ಬಟ್ಟೆ, ಎಲ್ಲರಿಗೂ 'ಸ್ಪೆಷಲ್ ಏಜೆಂಟ್' ಅನ್ನುವ ಒಂದೇ ಹೆಸರು. ದರ್ಜೆ ಹೇಳಿಕೊಳ್ಳುವುದಿಲ್ಲ. ಇದರ ಹಿಂದೆ ಕಾರಣ ಇದೆ. ಎದುರಿಗೆ ಕೂತ ಕರ್ನಲ್‌ಗೆ 'ಇವಳು ನನಗಿಂತ ಎಷ್ಟು ಕೆಳಗಿನವಳು' ಎಂದು ಗೊತ್ತಾದರೆ ವಿಚಾರಣೆ ಅಲ್ಲೇ ಮುಗಿಯಿತು. ನಿಮ್ಮ ಮೂರನೇ ಅಧ್ಯಾಯದಲ್ಲೇ ಯಾರಾದರೂ ಅವಳ ದರ್ಜೆ ಕೆದಕಲು ನೋಡಲಿ, ಅವಳು ಹೇಳದೇ ಇರಲಿ. ಒಂದು ಪುಟದಲ್ಲಿ ಇಡೀ ಅಧಿಕಾರದ ಆಟ ಬಂದುಬಿಡುತ್ತದೆ.

ಗೆಳೆಯರ ಮಾತು ಸರಿಯಾಗಿರುವುದು ತೋಟದ ಮನೆಯ ವಿಷಯದಲ್ಲಿ. ಅಮೆರಿಕದಲ್ಲಿ 1878ರಿಂದ ಪಾಸಿ ಕಾಮಿಟೇಟಸ್ ಅನ್ನುವ ಕಾನೂನು ಇದೆ. ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸಬಾರದು ಅನ್ನುವುದು ಅದರ ಸಾರ. ಸಮವಸ್ತ್ರದ ಏಜೆಂಟ್ ಒಬ್ಬಳು ಸೈನಿಕರನ್ನು ಕಟ್ಟಿಕೊಂಡು ಖಾಸಗಿ ಜಮೀನಿಗೆ ನುಗ್ಗಿ ಸಾಮಾನ್ಯ ನಾಗರಿಕರನ್ನು ಬಂಧಿಸಿದರೆ, ಮಾರನೇ ದಿನ ಆರೋಪಿಗಳ ವಕೀಲರಿಗೆ ಹಬ್ಬ.

ಇಲ್ಲಿ ಒಂದು ಒಳದಾರಿಯೂ ಇದೆ, ಹೆಚ್ಚಿನ ಕಾದಂಬರಿಕಾರರಿಗೆ ಗೊತ್ತಿರುವುದಿಲ್ಲ. 2000ನೇ ಇಸವಿಯಲ್ಲಿ ಬಂದ ಕಾನೂನು ಸೇನೆಯ ಸಿಐಡಿಯ ಸಿವಿಲಿಯನ್ ಏಜೆಂಟ್‌ಗಳಿಗೆ ವಾರಂಟ್ ಜಾರಿ ಮಾಡುವ, ಬಂಧಿಸುವ ಅಧಿಕಾರ ಕೊಟ್ಟಿತು. ಸಮವಸ್ತ್ರದವಳಿಗೆ ಇಲ್ಲದ ಅಧಿಕಾರ ಪಕ್ಕದ ಮೇಜಿನ ಸಿವಿಲಿಯನ್‌ಗೆ ಇದೆ ಅಂತಾಯಿತು. ಅಷ್ಟಾದರೂ ಕೇಸಿಗೂ ಸೇನೆಗೂ ನಂಟು ಇರಲೇಬೇಕು. ನೌಕಾಪಡೆಯ ತನಿಖಾ ಸಂಸ್ಥೆ ಎನ್‌ಸಿಐಎಸ್ ಏಜೆಂಟ್ ಒಬ್ಬರು ಮಕ್ಕಳ ಅಶ್ಲೀಲ ಚಿತ್ರ ಹಂಚುವವರನ್ನು ಹುಡುಕಲು ವಾಷಿಂಗ್ಟನ್ ರಾಜ್ಯದ ಉದ್ದಗಲಕ್ಕೂ ಫೈಲ್ ಹಂಚಿಕೆ ಜಾಲದ ಕಂಪ್ಯೂಟರ್‌ಗಳನ್ನು ಜಾಲಾಡಿದ್ದರು. ಸೈನಿಕರು ಯಾರು, ನಾಗರಿಕರು ಯಾರು ಅಂತ ನೋಡಲಿಲ್ಲ. ಸಿಕ್ಕಿದ್ದು ಒಬ್ಬ ನಾಗರಿಕ. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಸಾಕ್ಷ್ಯವನ್ನೇ ಹೊರಗಿಟ್ಟಿತು. ಮರುವರ್ಷ ಅದೇ ನ್ಯಾಯಾಲಯದ ದೊಡ್ಡ ಪೀಠ 'ನಿಯಮ ಮುರಿದದ್ದು ಹೌದು, ಆದರೆ ಸಾಕ್ಷ್ಯ ಇರಲಿ' ಎಂದಿತು. ಏಜೆಂಟ್ ಸಿವಿಲಿಯನ್ ಆಗಿದ್ದರೂ ಈ ಗತಿ. ನಿಮ್ಮ ಕ್ಯಾಪ್ಟನ್‌ಗೆ ಏನಾಗಬಹುದು ಯೋಚಿಸಿ.

ಮಾಜಿ ಸೈನಿಕರ ಮೇಲೂ ಅವಳಿಗೆ ಹೆಚ್ಚು ಹಿಡಿತ ಇಲ್ಲ. ಒಕ್ಲಹೋಮಾ ನಗರದಲ್ಲಿ 1995ರ ಏಪ್ರಿಲ್ 19ರಂದು ಬಾಂಬ್ ಇಟ್ಟು 168 ಜನರನ್ನು ಕೊಂದ ಟಿಮೊಥಿ ಮೆಕ್‌ವೇ ಗಲ್ಫ್ ಯುದ್ಧದಲ್ಲಿ ಪದಕ ಪಡೆದವನು. ಜೊತೆಗಾರ ಟೆರ್ರಿ ನಿಕೋಲ್ಸ್ ಅವನಿಗೆ ಸಿಕ್ಕಿದ್ದೇ ಸೇನೆಯ ಮೊದಲ ತರಬೇತಿಯಲ್ಲಿ. ಬಾಂಬ್ ಇಟ್ಟಾಗ ಮಾತ್ರ ಇಬ್ಬರೂ ಸೇನೆ ಬಿಟ್ಟವರು, ಹಾಗಾಗಿ ಅದು ಒಕ್ಕೂಟ ಸರ್ಕಾರದ ತನಿಖಾ ಸಂಸ್ಥೆ ಎಫ್‌ಬಿಐ ಕೇಸ್. ಮೆಕ್‌ವೇ ಸಿಕ್ಕಿಬಿದ್ದದ್ದು ಹೇಗೆ? ಸ್ಫೋಟವಾಗಿ ಸುಮಾರು ಒಂದೂವರೆ ಗಂಟೆಗೆ, ಕಾರಿಗೆ ನಂಬರ್ ಪ್ಲೇಟ್ ಇಲ್ಲ ಅಂತ ಹೆದ್ದಾರಿ ಪೊಲೀಸ್ ಒಬ್ಬರು ನಿಲ್ಲಿಸಿದರು. ಕಾದಂಬರಿಯಲ್ಲಿ ಬರೆದರೆ ಸಂಪಾದಕರು 'ಇದು ಅತಿಯಾಯ್ತು' ಅಂತ ಹೊಡೆದುಹಾಕುತ್ತಾರೆ.

ಇನ್ನು ವಿಚಾರಣೆಯ ದೃಶ್ಯ. ನನಗೆ ಇಷ್ಟವಾದ ಭಾಗ ಇದು, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ನಿಮ್ಮ ನಾಯಕಿ ಬಂದವನನ್ನು ಕೂರಿಸಿ, ಕಾಫಿ ಕೊಟ್ಟು, 'ಸುಮ್ನೆ ಮಾತಾಡೋಣ' ಅಂದು ಬಾಯಿ ಬಿಡಿಸಿದ್ದರೆ ಆ ಹೇಳಿಕೆ ಕಸದ ಬುಟ್ಟಿಗೆ. ಅಮೆರಿಕದ ಪೊಲೀಸರು ಬಂಧಿಸಿದವನಿಗೆ ಹಕ್ಕು ಓದಿ ಹೇಳುವುದನ್ನು ಸಿನಿಮಾಗಳಲ್ಲಿ ನೋಡಿದ್ದೀರಿ. ಅದು 1966ರ ಮಿರಾಂಡಾ ತೀರ್ಪಿನ ನಂತರ ಬಂದದ್ದು. ಸೈನಿಕರಿಗೆ ಇಂಥ ರಕ್ಷಣೆ ಅದಕ್ಕೂ ಹಳೆಯದು. 1951ರಲ್ಲಿ ಜಾರಿಗೆ ಬಂದ ಸೇನಾ ನ್ಯಾಯ ಸಂಹಿತೆಯ 31ನೇ ವಿಧಿಯಲ್ಲೇ ಅದು ಇದೆ, ಕೆಲವು ಕಡೆ ಹೆಚ್ಚು ಬಿಗಿಯಾಗಿಯೂ ಇದೆ. ಪೊಲೀಸರಾದರೆ ಬಂಧನದಲ್ಲಿ ಇಟ್ಟು ಕೇಳುವಾಗ ಮಾತ್ರ ಹಕ್ಕು ಹೇಳಬೇಕು. ಸೇನೆಯಲ್ಲಿ ಅವನ ಮೇಲೆ ಸಂಶಯ ಇದ್ದರೆ ಸಾಕು, ಅವನು ಸ್ವತಂತ್ರವಾಗಿ ನಡೆದು ಬಂದಿದ್ದರೂ ಹೇಳಬೇಕು. ಯಾವ ಅಪರಾಧದ ಸಂಶಯ ಅನ್ನುವುದನ್ನೂ ಹೇಳಬೇಕು.

ಅದಕ್ಕೆ ಒಂದು ಫಾರ್ಮ್ ಇದೆ, ಡಿಎ 3881. ಹೆಸರು, ತುಕಡಿ, ಸಂಶಯದ ಅಪರಾಧ, ಹಕ್ಕುಗಳು, ಕೆಳಗೆ ಸಹಿ. ಏಜೆಂಟ್ ಅದನ್ನು ಮೇಜಿನ ಮೇಲೆ ತಿರುಗಿಸಿ ಅವನ ಕಡೆ ಇಡುತ್ತಾಳೆ. ಹುಡುಗ ಫಾರ್ಮಿನಲ್ಲಿ ಅಪರಾಧದ ಹೆಸರು ಬರೆಯುವ ಜಾಗದಲ್ಲಿ 'ಸಂಚು' ಅನ್ನುವ ಪದ ಓದುತ್ತಾನೆ. ಅವನು ಬಂದಿದ್ದು ಸತ್ತ ಗೆಳೆಯನ ಬಗ್ಗೆ ಎರಡು ಮಾತು ಹೇಳಿ ಹೋಗಲು. ಇವರಿಗೆ ಎಷ್ಟು ಗೊತ್ತಾಗಿದೆ ಅನ್ನುವುದು ಆ ಒಂದೇ ಪದದಲ್ಲಿ ಅವನಿಗೆ ಗೊತ್ತಾಯಿತು. ಸಹಿ ಹಾಕಿ ಮಾತಾಡುತ್ತಾನೋ, 'ವಕೀಲರು ಬೇಕು' ಅನ್ನುತ್ತಾನೋ? ಸೇನೆಯ ವಕೀಲರು ಅವನಿಗೆ ಬಿಟ್ಟಿ ಸಿಗುತ್ತಾರೆ. ಏಜೆಂಟ್ ಕಡಿಮೆ ಬರೆದರೆ ಹೇಳಿಕೆ ಬಿದ್ದುಹೋಗುವ ಭಯ, ಜಾಸ್ತಿ ಬರೆದರೆ ಹುಡುಗ ಗುಂಪಿಗೆ ಸುಳಿವು ಕೊಡುವ ಭಯ. ನಿಮ್ಮ ಹಸ್ತಪ್ರತಿಯಲ್ಲಿ ಹೊಡೆದು ಬಾಯಿ ಬಿಡಿಸುವ ದೃಶ್ಯ ಇದ್ದರೆ ತೆಗೆದು ಇದನ್ನು ಹಾಕಿ.

ಇದೇ ವಿಧಿಯಲ್ಲಿ ಇನ್ನೊಂದು ಬಲೆ ಇದೆ. ಎಚ್ಚರಿಕೆ ಕೊಡಬೇಕಾದವರು ತನಿಖಾಧಿಕಾರಿ ಮಾತ್ರ ಅಲ್ಲ. ಸಂಶಯ ಇಟ್ಟುಕೊಂಡು, ಕೆಲಸದ ಹಕ್ಕಿನಿಂದ ಪ್ರಶ್ನೆ ಕೇಳುವ ಮೇಲಿನವರಿಗೂ ಇದು ಅನ್ವಯಿಸುತ್ತದೆ. ನಾಯಕಿಗೆ ಸಹಾಯ ಮಾಡುವ ಒಳ್ಳೆಯ ಸಾರ್ಜೆಂಟ್ ಒಬ್ಬ ಇದ್ದರೆ, ಅವನು ಹುಡುಗನನ್ನು ಪಕ್ಕಕ್ಕೆ ಕರೆದು 'ನಿಜ ಹೇಳು, ನೀನೂ ಇದರಲ್ಲಿ ಇದ್ದೀಯಾ?' ಅಂತ ಕೇಳಿಬಿಡಲಿ. ಹುಡುಗ ಎಲ್ಲ ಹೇಳಿಬಿಡಲಿ. ಒಳ್ಳೆಯ ಉದ್ದೇಶದಿಂದಲೇ ಕೇಸಿನ ಅತಿ ದೊಡ್ಡ ಸಾಕ್ಷ್ಯ ಹಾಳಾಗುತ್ತದೆ.

ಕಮಾಂಡರ್ ಕೇಸ್ ಮುಚ್ಚಿಹಾಕುವ ವಿಷಯ. ಇದು ಓದುಗರಿಗೆ ಬಹಳ ಹಿಡಿಸುವ ಕಟ್ಟುಕಥೆ. ಸಿಐಡಿ ನೆಲೆಯ ಕಮಾಂಡರ್‌ಗೆ ವರದಿ ಮಾಡುವುದಿಲ್ಲ. 1971ರಲ್ಲಿ ಅದನ್ನು ಪ್ರತ್ಯೇಕ ಕಮಾಂಡ್ ಮಾಡಿದ್ದೇ ಸ್ಥಳೀಯ ಅಧಿಕಾರಿಗಳ ಹಿಡಿತ ತಪ್ಪಿಸಲು. ಅವಳ ವರದಿ ಅವಳದೇ ಸಂಸ್ಥೆಯ ಮೇಲಿನವರಿಗೆ ನೇರ ಹೋಗುತ್ತದೆ. 'ಫೈಲ್ ಮುಚ್ಚು' ಅಂತ ಕಮಾಂಡರ್ ಹೇಳಿದರೆ, ಅವಳು ತಲೆಯಾಡಿಸಿ ಹೊರಬಂದು ಆ ಮಾತನ್ನೂ ಫೈಲಿಗೆ ಸೇರಿಸುತ್ತಾಳೆ.

ಹಾಗಂತ ಕಮಾಂಡರ್‌ಗೆ ಶಕ್ತಿ ಇಲ್ಲ ಅಂತಲ್ಲ. ಬೇರೆ ಕಡೆ ಇದೆ. ಬ್ಯಾರಕ್‌ನ ಕೋಣೆ ಹುಡುಕಲು ನ್ಯಾಯಾಧೀಶರ ವಾರಂಟ್ ಬೇಕಿಲ್ಲ. ಸಾಕಷ್ಟು ಕಾರಣ ತೋರಿಸಿದರೆ ಆ ಜಾಗದ ಮೇಲೆ ಅಧಿಕಾರ ಇರುವ ಕಮಾಂಡರ್ರೇ ಅನುಮತಿ ಕೊಡಬಹುದು. ನಿಮ್ಮ ಖಳ ಕಮಾಂಡರ್‌ಗೆ ಇದೇ ಸರಿಯಾದ ಆಯುಧ. ಅವನು ತನಿಖೆ ತಡೆಯುವುದಿಲ್ಲ, 'ಕಾರಣ ಸಾಲದು, ಇನ್ನಷ್ಟು ತನ್ನಿ' ಎಂದು ಒಂದು ಮಧ್ಯಾಹ್ನ ತಳ್ಳುತ್ತಾನೆ. ಅಷ್ಟರಲ್ಲಿ ಕೋಣೆ ಖಾಲಿ. ಅಥವಾ ತಿರುಗಿಸಿ ನೋಡಿ: ಅನುಮತಿ ಕೊಡುವವರು ಪಕ್ಷಪಾತ ಇಲ್ಲದವರಾಗಿರಬೇಕು. ಅವನೇ ತನಿಖೆಗೆ ಇಳಿದು ಓಡಾಡಿ, ಅವನೇ ಅನುಮತಿ ಕೊಟ್ಟರೆ ಹುಡುಕಾಟವೇ ಅಸಿಂಧು ಆಗಬಹುದು. ಅತಿ ಉತ್ಸಾಹದಿಂದ ಸಹಕರಿಸಿ ಕೇಸ್ ಕೆಡಿಸುವ ಕಮಾಂಡರ್! ಅಂಥವನನ್ನು ನಾನು ಇನ್ನೂ ಯಾವ ಹಸ್ತಪ್ರತಿಯಲ್ಲೂ ನೋಡಿಲ್ಲ. ಬುದ್ಧಿವಂತ ನಾಯಕಿ ಅವನನ್ನು ಬಿಟ್ಟು ಸೇನಾ ಮ್ಯಾಜಿಸ್ಟ್ರೇಟರ ಬಳಿ ಹೋಗುತ್ತಾಳೆ.

ನಿಜಜೀವನದಲ್ಲಿ ಸುಳಿವು ಸಾಯುವುದು ಖಳನ ಕೈಯಲ್ಲಿ ಅಲ್ಲ, ಎರಡು ಮೇಜಿನ ನಡುವೆ. ಅಮೆರಿಕದ ಸೇನಾ ನೆಲೆ ಫೋರ್ಟ್ ಹುಡ್‌ನಲ್ಲಿ 2009ರ ನವೆಂಬರ್ 5ರಂದು ಸೇನೆಯ ಮನೋವೈದ್ಯ ಮೇಜರ್ ನಿದಾಲ್ ಹಸನ್ 13 ಜನರನ್ನು ಗುಂಡಿಟ್ಟು ಕೊಂದ. ತಿಂಗಳುಗಳ ಮೊದಲೇ ಅವನು ಯೆಮೆನ್‌ನಲ್ಲಿದ್ದ ಉಗ್ರ ಬೋಧಕ ಅನ್ವರ್ ಅಲ್ ಅವ್ಲಾಕಿಗೆ ಬರೆದ ಇಮೇಲ್‌ಗಳು ಎಫ್‌ಬಿಐನ ಸ್ಯಾನ್ ಡಿಯಾಗೊ ಕಚೇರಿಯ ಕಣ್ಣಿಗೆ ಬಿದ್ದಿದ್ದವು. ಅವರು ರಾಜಧಾನಿ ವಾಷಿಂಗ್ಟನ್‌ಗೆ ಕಳಿಸಿದರು. ಅಲ್ಲಿನ ಭಯೋತ್ಪಾದನೆ ತಡೆಯುವ ಜಂಟಿ ಕಾರ್ಯಪಡೆಯಲ್ಲಿ ಅದನ್ನು ನೋಡಿದವರು ರಕ್ಷಣಾ ಇಲಾಖೆಯದೇ ತನಿಖಾಧಿಕಾರಿ. ಮೇಜರ್ ಮಾಡುತ್ತಿದ್ದ ಸಂಶೋಧನೆಗೂ ಇಮೇಲ್‌ಗೂ ಹೊಂದುತ್ತದೆ ಎಂದು ಬರೆದು ಕಳಿಸಿದರು. ಮೇಜರ್‌ನನ್ನು ಮಾತಾಡಿಸಲೂ ಇಲ್ಲ. ಸ್ಯಾನ್ ಡಿಯಾಗೊದವರಿಗೆ ಸಮಾಧಾನ ಆಗಲಿಲ್ಲ, ಆದರೂ ವಿಷಯ ಅಲ್ಲೇ ನಿಂತಿತು. ಅಲ್ಲಿ ದ್ರೋಹಿ ಯಾರೂ ಇರಲಿಲ್ಲ. ಎರಡು ಊರಿನ ಕಚೇರಿಗಳು, ಒಂದು ಉತ್ತರ, ಮುಜುಗರ. ನಿಮ್ಮ ಕಮಾಂಡರ್‌ಗಿಂತ ಇದು ಹೆಚ್ಚು ಭಯ ಹುಟ್ಟಿಸುತ್ತದೆ.

'ಉಗ್ರವಾದಿ ಗುಂಪಿಗೆ ಸೇರಿದ್ದಾನೆ' ಅಂತ ಗೊತ್ತಾದ ಕೂಡಲೇ ಬಂಧನ. ಇದು ಇನ್ನೊಂದು ಸುಲಭದ ತಪ್ಪು. ರಕ್ಷಣಾ ಇಲಾಖೆ 2021ರ ಡಿಸೆಂಬರಿನಲ್ಲಿ ತಿದ್ದಿದ ನಿಯಮ ತಡೆದದ್ದು 'ಸಕ್ರಿಯ ಭಾಗವಹಿಸುವಿಕೆ'ಯನ್ನು. ದುಡ್ಡು ಎತ್ತುವುದು, ಜನ ಸೇರಿಸುವುದು, ಜಾಲತಾಣದಲ್ಲಿ ಉಗ್ರ ಬರಹ ಹಂಚುವುದು, ಇವೆಲ್ಲ ಅದರಲ್ಲಿ ಬಂದವು. ತಲೆಯೊಳಗಿನ ನಂಬಿಕೆ ಬರಲಿಲ್ಲ. ಸಂಚಿನ ಅಪರಾಧ ಆಗಬೇಕಾದರೆ ಒಪ್ಪಂದ ಇರಬೇಕು, ಜೊತೆಗೆ ಸಾಮಾನ್ಯವಾಗಿ ಅದರತ್ತ ಇಟ್ಟ ಒಂದು ಹೆಜ್ಜೆಯೂ ಇರಬೇಕು. ಮಿಷಿಗನ್‌ನ ಹುಟಾರಿ ಅನ್ನುವ ಗುಂಪಿನ ಸದಸ್ಯರನ್ನು 2010ರಲ್ಲಿ ಸರ್ಕಾರದ ವಿರುದ್ಧ ಸಂಚು ಮಾಡಿದ ಆರೋಪದ ಮೇಲೆ ಹಿಡಿದರು. ಗುಪ್ತವಾಗಿ ಧ್ವನಿಮುದ್ರಿಸಿದ ಮಾತುಗಳೂ ಇದ್ದವು. 2012ರಲ್ಲಿ ವಿಚಾರಣೆಯ ನಡುವೆಯೇ ನ್ಯಾಯಾಧೀಶೆ ಆ ದೊಡ್ಡ ಆರೋಪವನ್ನು ತಳ್ಳಿಹಾಕಿದರು. ಬೈಗುಳ, ದ್ವೇಷ ಬೇಕಾದಷ್ಟಿತ್ತು, ನಿಶ್ಚಿತ ಒಪ್ಪಂದ ಕಾಣಲಿಲ್ಲ. ಉಳಿದದ್ದು ಬಂದೂಕಿನ ಕೇಸ್.

ಈ 'ಉಳಿದ' ಕೇಸ್‌ಗಳೇ ಎಷ್ಟೋ ಸಲ ಅಸಲಿ ಕೇಸ್ ಆಗುತ್ತವೆ. ಕರಾವಳಿ ಕಾವಲು ಪಡೆಯ ಒಬ್ಬ ಲೆಫ್ಟಿನೆಂಟ್ ವಾಷಿಂಗ್ಟನ್‌ನ ಮುಖ್ಯ ಕಚೇರಿಯಲ್ಲಿ ಕೂತು, ಕಚೇರಿಯ ಕಂಪ್ಯೂಟರಿನಲ್ಲೇ, ಕೊಲ್ಲಬೇಕಾದ ರಾಜಕಾರಣಿಗಳ ಮತ್ತು ಪತ್ರಕರ್ತರ ಪಟ್ಟಿ ಮಾಡಿದ್ದ ಎಂದು ಸರ್ಕಾರಿ ವಕೀಲರು ಹೇಳಿದರು. ಅವನ ಮೇಲೆ ಕಣ್ಣು ಬಿದ್ದದ್ದೂ ಆ ಕಂಪ್ಯೂಟರಿನ ಓಡಾಟದಿಂದಲೇ. 2019ರ ಫೆಬ್ರುವರಿಯಲ್ಲಿ ಹಿಡಿದಾಗ ಮನೆಯಲ್ಲಿ 15 ಬಂದೂಕು, ಸಾವಿರಕ್ಕೂ ಹೆಚ್ಚು ಗುಂಡು ಸಿಕ್ಕವು. ಹಾಕಿದ ಆರೋಪ? ಅಕ್ರಮ ಬಂದೂಕು ಮತ್ತು ಮಾದಕ ಮಾತ್ರೆ. ದೇಶದೊಳಗಿನ ಭಯೋತ್ಪಾದನೆ ಅನ್ನುವುದಕ್ಕೆ ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ವ್ಯಾಖ್ಯೆ ಇದೆ, ಅದಕ್ಕೆಂದೇ ಪ್ರತ್ಯೇಕ ಅಪರಾಧ ಇಲ್ಲ. 'ಈ ಆರೋಪಗಳ ಮೇಲೆ ಇವನನ್ನು ಒಳಗೆ ಇಡಲು ಆಗುತ್ತಾ?' ಅನ್ನುವ ಪ್ರಶ್ನೆ ಜಾಮೀನಿನ ಹಂತದಲ್ಲಿ ನಿಜವಾಗಿ ಎದ್ದಿತ್ತು. ಕೊನೆಗೆ 2020ರಲ್ಲಿ 13 ವರ್ಷಕ್ಕೂ ಹೆಚ್ಚಿನ ಶಿಕ್ಷೆ ಆಯಿತು. ನಿಮ್ಮ ನಾಯಕಿಗೆ ಇಡೀ ಸಂಚು ಗೊತ್ತಿದೆ, ಕೈಯಲ್ಲಿರುವುದು ಒಂದು ಡಬ್ಬಿ ಮಾತ್ರೆ. ಈಗ ಹಿಡಿಯಬೇಕೋ, ದೊಡ್ಡ ಸಾಕ್ಷ್ಯಕ್ಕೆ ಕಾಯಬೇಕೋ? ಕಾದರೆ ಜನ ಸಾಯಬಹುದು, ಹಿಡಿದರೆ ಉಳಿದವರು ತಪ್ಪಿಸಿಕೊಳ್ಳಬಹುದು. ನಿಮ್ಮ ಕ್ಲೈಮ್ಯಾಕ್ಸ್ ಇಲ್ಲಿದೆ ಅಂತ ನನ್ನ ಅಭಿಪ್ರಾಯ, ತೋಟದ ಮನೆಯಲ್ಲಿ ಅಲ್ಲ.

ಗುಂಪಿನ ಗಾತ್ರವನ್ನೂ ಇಳಿಸಿ. ನೆಲೆಯ ಅರ್ಧ ಜನ ಸಂಚಿನಲ್ಲಿದ್ದಾರೆ ಅನ್ನುವುದು ನಂಬಲಾಗದ್ದು. ಹತ್ತಾರು ಲಕ್ಷ ಜನರ ಪಡೆಯಲ್ಲಿ ದೃಢಪಟ್ಟ ಪ್ರಕರಣ ವರ್ಷಕ್ಕೆ ನೂರರ ಆಸುಪಾಸು ಎಂದು 2021ರಲ್ಲಿ ಪೆಂಟಗನ್, ಅಂದರೆ ರಕ್ಷಣಾ ಇಲಾಖೆ ಹೇಳಿತ್ತು. ನಾಲ್ಕೈದು ಜನ ಸಾಕು. ಸೇನೆಯ ತರಬೇತಿ ಇದ್ದವರು ನಾಲ್ಕೇ ಜನ ಇದ್ದರೂ ಭಯ ಕಡಿಮೆಯಾಗುವುದಿಲ್ಲ.

ಹಾಗಾದರೆ ದಾರಿ ಯಾವುವು? ಎಲ್ಲಕ್ಕಿಂತ ಕಡಿಮೆ ರಿಪೇರಿ ಆಗುವುದು ನಾಯಕಿಯನ್ನು ಸಿವಿಲಿಯನ್ ಏಜೆಂಟ್ ಮಾಡುವುದು, ಅಥವಾ ಅವಳನ್ನು ಹಾಗೇ ಇಟ್ಟು ಎಫ್‌ಬಿಐ ಜೊತೆಗಿನ ಜಂಟಿ ತಂಡಕ್ಕೆ ಸೇರಿಸುವುದು. ವಾರಂಟ್ ನ್ಯಾಯಾಧೀಶರಿಂದ ಬರುತ್ತದೆ, ತೋಟದ ಮನೆಗೆ ಎಫ್‌ಬಿಐ ಮೊದಲು ನುಗ್ಗುತ್ತದೆ. ಅಪಾಯ ಏನು ಅಂದರೆ, ಕೊನೆಯ ಅಧ್ಯಾಯದಲ್ಲಿ ನಾಯಕಿ ಹೊರಗೆ ಕಾರಿನಲ್ಲಿ ಕೂರಬೇಕಾಗುತ್ತದೆ. ಕೂರಲಿ ಬಿಡಿ. ಒಳಗಿರುವವರಲ್ಲಿ ಹಾಲಿ ಸೈನಿಕ ಒಬ್ಬನೇ, ಅವನು ಮಾತ್ರ ಅವಳ ಪಾಲು. ಅವನೊಬ್ಬನಿಗಾಗಿ ಅವಳು ಕಾಯುವುದನ್ನು ಚೆನ್ನಾಗಿ ಬರೆಯಬಹುದು.

ಅವಳನ್ನು ಸೇನೆಯ ಪ್ರತಿಗುಪ್ತಚರ ವಿಭಾಗಕ್ಕೆ ಕಳಿಸುವುದು ಇನ್ನೊಂದು ದಾರಿ. ಇದು ಸಿಐಡಿಗಿಂತ ಬೇರೆ ಸಂಸ್ಥೆ. ಗೂಢಚಾರಿಕೆ, ವಿದೇಶಿ ಅಥವಾ ಅಂತರರಾಷ್ಟ್ರೀಯ ಉಗ್ರರ ನಂಟು ಇದರ ಕೆಲಸ. 2020ರಲ್ಲಿ ಒಬ್ಬ ಪ್ರೈವೇಟ್ ತನ್ನ ತುಕಡಿ ಟರ್ಕಿಗೆ ಹೋಗುವ ವಿವರವನ್ನು ಜಾಲತಾಣದಲ್ಲಿ ಒಂದು ನವನಾಜಿ ಪಂಥದವರಿಗೆ ಕೊಟ್ಟ. ತನ್ನ ಜೊತೆಗಾರರ ಮೇಲೆಯೇ ದಾಳಿ ಮಾಡಿಸಲು! 2023ರಲ್ಲಿ ಅವನಿಗೆ 45 ವರ್ಷ ಶಿಕ್ಷೆ ಆಯಿತು. ಈ ದಾರಿಯಲ್ಲಿ ಕಥೆ ಪತ್ತೇದಾರಿಯಿಂದ ಗೂಢಚಾರಿಗೆ ಜಾರುತ್ತದೆ, ನಿಮ್ಮ ಮೊದಲ ಹೆಣ ಮರೆತುಹೋಗುವ ಅಪಾಯ ಇದೆ.

ಜರ್ಮನಿಗೆ ಕಥೆ ಸಾಗಿಸಿದರೆ ಸಾಮಗ್ರಿ ಬಹಳ ಇದೆ. ಅಲ್ಲಿನ ಸೇನೆಯ ಲೆಫ್ಟಿನೆಂಟ್ ಒಬ್ಬ ವಿಯೆನ್ನಾ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಪಿಸ್ತೂಲು ಬಚ್ಚಿಟ್ಟು, 2017ರಲ್ಲಿ ಅದನ್ನು ತೆಗೆಯಲು ಬಂದಾಗ ಸಿಕ್ಕಿಬಿದ್ದ. ಬೆರಳಚ್ಚು ತಾಳೆ ನೋಡಿದರೆ ಅದು ಸಿರಿಯಾದಿಂದ ಬಂದ ನಿರಾಶ್ರಿತ ಅಂತ ನೋಂದಾಯಿಸಿಕೊಂಡವನ ಬೆರಳಚ್ಚು! ಇಬ್ಬರೂ ಒಬ್ಬನೇ. ಅರಬ್ಬಿ ಬಾರದ 'ಸಿರಿಯಾದವನು'. ದಾಳಿಗೆ ಸಿದ್ಧತೆ ಮಾಡಿದ್ದಕ್ಕೆ 2022ರಲ್ಲಿ ಐದೂವರೆ ವರ್ಷ ಶಿಕ್ಷೆಯಾಯಿತು. ಅದೇ ದೇಶದ ವಿಶೇಷ ಪಡೆ ಕೆಎಸ್‌ಕೆಯಲ್ಲಿ 48,000 ಗುಂಡು, 62 ಕಿಲೋ ಸ್ಫೋಟಕದ ಲೆಕ್ಕ ಸಿಗಲಿಲ್ಲ, ಬಲಪಂಥೀಯ ಉಗ್ರವಾದದ ಕಾರಣಕ್ಕೆ 2020ರಲ್ಲಿ ಒಂದು ಇಡೀ ಕಂಪನಿಯನ್ನೇ, ಅಂದರೆ ಸೈನಿಕ ತುಕಡಿಯನ್ನೇ ವಿಸರ್ಜಿಸಿದರು. ತೊಂದರೆ ಒಂದೇ: ಅಲ್ಲಿನ ಸೇನಾ ಗುಪ್ತಚರ ಸಂಸ್ಥೆ ಎಂಎಡಿಗೆ ಬಂಧಿಸುವ ಅಧಿಕಾರ ಇಲ್ಲ, ಶಾಂತಿಕಾಲದಲ್ಲಿ ಸೇನಾ ನ್ಯಾಯಾಲಯಗಳೂ ಇಲ್ಲ. ಸೈನಿಕನ ವಿಚಾರಣೆ ಎಲ್ಲರ ಹಾಗೆ ಸಾಮಾನ್ಯ ನ್ಯಾಯಾಲಯದಲ್ಲಿ. ನಿಮ್ಮ ನಾಯಕಿ ಪೂರ್ತಿ ಬೇರೆ ಹೆಂಗಸಾಗಬೇಕು.

ಅವಳು ನಿಯಮ ಮುರಿದೇ ನುಗ್ಗಲಿ ಅಂತ ನಿಮಗೆ ಹಟ ಇದ್ದರೆ ಅದೂ ಆಗಬಹುದು, ನಾನು ಬೇಡ ಅನ್ನುವುದಿಲ್ಲ. ಆದರೆ ಅದರ ಬೆಲೆಯನ್ನು ಪುಸ್ತಕದಲ್ಲೇ ತೋರಿಸಿ. ಮುಖ್ಯ ಆರೋಪಿ ಸಾಕ್ಷ್ಯ ಬಿದ್ದುಹೋಗಿ ಹೊರನಡೆಯಲಿ, ಅವಳೇ ತನಿಖೆಗೆ ಒಳಗಾಗಲಿ. ನುಗ್ಗಿದ್ದಕ್ಕೆ ಚಪ್ಪಾಳೆ ಬಿದ್ದು ಕಥೆ ಮುಗಿದರೆ ನಿಮ್ಮ ಗೆಳೆಯರು ಗೆದ್ದ ಹಾಗೆ.

ಒಂದು ಚಿಕ್ಕ ಸಲಹೆ. ಬಾಂಬ್ ಹೇಗೆ ಮಾಡುತ್ತಾರೆ ಅನ್ನುವ ವಿವರ ಬೇಡ, ಗುಂಪಿನ ಘೋಷಣಾಪತ್ರ ಪುಟಗಟ್ಟಲೆ ಬೇಡ. ಮೊದಲನೆಯದು ಅಪಾಯ, ಎರಡನೆಯದು ಬೋರು.

ತಿದ್ದಲು ಕೂರುವ ಮೊದಲು ಕಥೆ ಯಾವ ವರ್ಷದ್ದು ಅಂತ ಗಟ್ಟಿ ಮಾಡಿಕೊಳ್ಳಿ. ಎಷ್ಟೋ ವಿಷಯ ಅದರ ಮೇಲೆ ನಿಂತಿದೆ. ಸಿಐಡಿಯ ಮುಖ್ಯಸ್ಥರಾಗಿ ಮೊದಲ ಸಿವಿಲಿಯನ್ ನಿರ್ದೇಶಕರು ಬಂದದ್ದು 2021ರಲ್ಲಿ, ಅದಕ್ಕೂ ಹಿಂದೆ ಆ ಕುರ್ಚಿಯಲ್ಲಿ ಜನರಲ್ ಇರುತ್ತಿದ್ದರು. ಕೊಲೆ ಕೇಸಿನಲ್ಲಿ ಆರೋಪ ಹೊರಿಸಬೇಕೋ ಬೇಡವೋ ಅನ್ನುವ ತೀರ್ಮಾನ 2023ರ ಡಿಸೆಂಬರ್ ಕೊನೆಯವರೆಗೆ ಕಮಾಂಡರ್‌ಗಳ ಕೈಯಲ್ಲಿತ್ತು, ಆಮೇಲಿನ ಅಪರಾಧಗಳಿಗೆ ಸ್ವತಂತ್ರ ಸೇನಾ ವಕೀಲರ ಕಚೇರಿಯ ಕೈಗೆ ಹೋಯಿತು. ಖಳ ಕಮಾಂಡರ್‌ನನ್ನು ಬಿಡಲು ಮನಸ್ಸಿಲ್ಲ ಅಂದರೆ ಕಥೆಯನ್ನು ಅದಕ್ಕೂ ಹಿಂದಕ್ಕೆ ತಳ್ಳಿ. ನೆಲೆಯ ಹೆಸರನ್ನೂ ನೋಡಿಕೊಳ್ಳಿ: ಫೋರ್ಟ್ ಬ್ರ್ಯಾಗ್ 2023ರಲ್ಲಿ ಫೋರ್ಟ್ ಲಿಬರ್ಟಿ ಆಗಿ, 2025ರಲ್ಲಿ ಮತ್ತೆ ಬ್ರ್ಯಾಗ್ ಆಯಿತು. ನನ್ನನ್ನು ಕೇಳಿದರೆ ಹೆಸರೇ ಕಲ್ಪಿತ ಇರಲಿ, ವರ್ಷ ಮಾತ್ರ ನಿಜದ್ದಾಗಿರಲಿ.